ಯಾರ ಅನುಕೂಲಕ್ಕೆ ಈ ಸೌಜನ್ಯ?

ಉಡುಪಿ ಸೀಮೆಯ ಬಹುಭಾಷಾ ಸೌಜನ್ಯದ ಬಗ್ಗೆ ಹೊಗಳಿಕೆಯೇ ಹೆಚ್ಚು. ಶಿರ್ವದ ಪೇಟೆಯಲ್ಲಿ ಅಂಗಡಿಯವರು ಒಬ್ಬ ಗಿರಾಕಿಗೆ ತುಳುವಿನಲ್ಲಿ, ಇನ್ನೊಬ್ಬರಿಗೆ ಕೊಂಕಣಿಯಲ್ಲಿ, ಮತ್ತೊಬ್ಬರಿಗೆ ಬ್ಯಾರಿಯಲ್ಲಿ ಉತ್ತರ ಕೊಡುವುದು ನಿಜವೇ. ಆದರೆ ಬಾಗುವವರು ಯಾರೆಂದು ಹೊಗಳುವವರು ನೋಡುವುದಿಲ್ಲ. ಇಲ್ಲಿನ ಬುಡಕಟ್ಟಿನವರಾದ ಕೊರಗರು ತುಳು ಆಡುತ್ತಾರೆ. ಕೊರಗ ಭಾಷೆ ಕಲಿತ ತುಳುವರನ್ನು ಹುಡುಕಬೇಕು. ತುಳುವರು ಕನ್ನಡಕ್ಕೆ ಬರುತ್ತಾರೆ. ಮಣಿಪಾಲ ತಲುಪುವಷ್ಟರಲ್ಲಿ ಕನ್ನಡವೂ ಹಿಂದಿಗೋ ಇಂಗ್ಲಿಷಿಗೋ ಜಾಗ ಬಿಟ್ಟಿರುತ್ತದೆ.

ಮುಂಬಯಿ, ದುಬೈ, ಕುವೈತ್, ಟೊರಾಂಟೊಗಳಲ್ಲಿ ಚೆದುರಿದ ಊರವರನ್ನು ಸೇರಿಸುವ ವಾಟ್ಸಾಪ್ ಗುಂಪುಗಳಲ್ಲಿ ಇದು ಇನ್ನೂ ನಿಚ್ಚಳ. ಅಲ್ಲಿ ಮಾತು ಹೊರಳುವ ಬಗೆ ಹೆಚ್ಚುಕಡಿಮೆ ಒಂದೇ. ಕೊಂಕಣಿ ಕ್ರೈಸ್ತರ ತೆನೆಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಹತ್ತಿರ ಬಂದಾಗ ಹಿರಿಯರೊಬ್ಬರು ಕನ್ನಡ ಲಿಪಿಯ ಕೊಂಕಣಿಯಲ್ಲಿ ಹಬ್ಬದೂಟದ ತರಕಾರಿಗಳ ಮಾತೆತ್ತುತ್ತಾರೆ. ಕೆಸುವು, ಹೀರೆ, ಬೆಂಡೆ ಎಂದು ನಾಲ್ಕಾರು ಉತ್ತರ ಬರುತ್ತವೆ. ಯಾರೋ ಹಳೆಯ ಅಡುಗೆಯನ್ನು ನೆನೆಯುತ್ತಾರೆ. ಅಷ್ಟರಲ್ಲಿ ಹೊರದೇಶದ ಕಿರಿಯರೊಬ್ಬರ ಸಂದೇಶ: ಇಂಗ್ಲಿಷಿನಲ್ಲಿ ಬರೆಯಿರಿ, ಎಲ್ಲರಿಗೂ ಅರ್ಥವಾಗಲಿ. ಕೂಡಲೇ ಒಬ್ಬರು ಕ್ಷಮೆ ಕೇಳಿ ಇಂಗ್ಲಿಷಿಗೆ ತಿರುಗುತ್ತಾರೆ, ಉಳಿದವರು ಹಿಂಬಾಲಿಸುತ್ತಾರೆ. ಮಾತು ಆರಂಭಿಸಿದ ಹಿರಿಯರು ಕೈಮುಗಿಯುವ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಾರೆ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ 'ರಾಕ್ಣೊ' ಕೊಂಕಣಿ ವಾರಪತ್ರಿಕೆಯನ್ನು ಓದುತ್ತ ಬಂದ ತಲೆಮಾರು ಅದು. ಕನ್ನಡ ಅಕ್ಷರದಲ್ಲಿ ಕೊಂಕಣಿಯನ್ನು ಸರಾಗವಾಗಿ ಬರೆಯಬಲ್ಲದು. ಆ 'ಎಲ್ಲರ' ಲೆಕ್ಕಕ್ಕೆ ಅವರು ಸೇರಲೇ ಇಲ್ಲ. ಗುಂಪಿನಲ್ಲಿ ಅತಿ ಕಡಿಮೆ ಭಾಷೆ ಬಲ್ಲವರು ಇಡೀ ಗುಂಪಿನ ಭಾಷೆಯನ್ನು ನಿರ್ಧರಿಸಿದರು, ಅದಕ್ಕೆ ಶಿಷ್ಟಾಚಾರ ಎಂಬ ಹೆಸರೂ ಸಿಕ್ಕಿತು.

ಇಂಗ್ಲಿಷ್ ಯಾರ ಮನೆಮಾತೂ ಅಲ್ಲ, ಆದ್ದರಿಂದ ತಟಸ್ಥ ಎಂದು ವಾದಿಸುವವರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟವರ ಮುಂದೆ ಈ ವಾದ ನಿಲ್ಲುವುದಿಲ್ಲ. ಅವರ ಪಾಲಿಗೆ ಇಂಗ್ಲಿಷ್ ಮುಚ್ಚಿದ ಬಾಗಿಲು. ಹಾಗಾದರೆ ಕನ್ನಡವೊಂದೇ ಇರಲಿ ಎನ್ನುವ ಅಭಿಮಾನಿಗಳೂ ಅದೇ ತಪ್ಪನ್ನು ಮಾಡುತ್ತಾರೆ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದವರು 18 ಲಕ್ಷಕ್ಕೂ ಹೆಚ್ಚು. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಇನ್ನೂ ಜಾಗ ಸಿಗದ ಆ ಭಾಷೆ ತನ್ನವರ ಗುಂಪಿನಲ್ಲಾದರೂ ಸಂಕೋಚವಿಲ್ಲದೆ ಇರಬೇಡವೇ? ಕನ್ನಡಕ್ಕೆ ಹಿಂದಿಯಿಂದ ಆಗುವ ನೋವನ್ನು ಬಲ್ಲವರೇ ಇದನ್ನು ಮರೆಯುವುದು ಹೆಚ್ಚು ಬೇಸರದ ಸಂಗತಿ.

ರಕ್ತ ಬೇಕು, ಅಪಘಾತವಾಗಿದೆ ಎಂಬಂಥ ಸಂದೇಶ ಹೆಚ್ಚು ಜನ ಓದುವ ಭಾಷೆಯಲ್ಲಿರಲಿ. ಅದರಲ್ಲಿ ಎರಡು ಮಾತಿಲ್ಲ.

ಉಳಿದ ಮಾತಿಗೆ ಬೇರೆ ದಾರಿಯೂ ಇದೆ. ಗೋವಾದ 1987ರ ರಾಜಭಾಷಾ ಕಾಯ್ದೆ ಕೊಂಕಣಿಗೆ ದೇವನಾಗರಿಯೊಂದನ್ನೇ ಒಪ್ಪಿತು. 2015ರಲ್ಲಿ ಬಂದ ಕೊಂಕಣಿ ವಿಕಿಪೀಡಿಯಾದಲ್ಲಾದರೋ ದೇವನಾಗರಿ, ರೋಮನ್, ಕನ್ನಡ ಈ ಮೂರೂ ಲಿಪಿಗಳ ಲೇಖನಗಳಿವೆ. ಓದಲಾರದವರಿಗೆ ಸ್ವಲ್ಪ ತೊಡಕು ಉಂಟು, ಆದರೆ ಬರೆಯುವವರನ್ನು ಹೊರಗಿಟ್ಟಿಲ್ಲ. ಊರಿನ ಗುಂಪುಗಳಿಗೂ ಇದು ಸಾಧ್ಯ. ಅರ್ಥವಾಗದವರು ಭಾಷೆ ಬದಲಿಸಿ ಎನ್ನುವ ಬದಲು ಆ ಸಂದೇಶದ ಅರ್ಥ ಕೇಳಲಿ; ಬಲ್ಲವರು ಎರಡು ಸಾಲಿನ ಸಾರಾಂಶ ಹಾಕಲಿ, ತರಕಾರಿಯ ಮಾತು ಕೊಂಕಣಿಯಲ್ಲೇ ಮುಂದುವರಿಯಲಿ.