ತೇರು ಮುಗಿದ ಮೇಲಿನ ಜಾತ್ರೆ

ಈ ವಾರ ಚಾರಣದ ಬೂಟಿನ ಬಗ್ಗೆ ಬರೆಯುವುದಾಗಿ ಅಂಕಣ ಮಾತು ಕೊಟ್ಟಿತ್ತು. ಬೂಟು ಕಾಯಲಿ, ಪುಷ್ಯ ಮಳೆ ಹಿಡಿದಿದೆ. ಮಲೆನಾಡಿನಲ್ಲಿ ಕೊಡೆ ಬಿಚ್ಚಿ ಅಂಗಳ ದಾಟುವುದೇ ಒಂದು ಚಾರಣವಾಗಿರುವ ಈ ದಿನಗಳಲ್ಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದಲ್ಲಿ ಹೂವಿನ ಬೇಸಿಗೆ ಏರುತ್ತದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಅದು ಎರಡೂವರೆ ಗಂಟೆಯ ಕಾರಿನ ದಾರಿ. ಹೊರಡುವ ಮುನ್ನ ಎಲ್ಲರದ್ದೂ ಒಂದೇ ಪ್ರಶ್ನೆ: ‘ಪೀಕ್ ಬ್ಲೂಮ್ ಯಾವಾಗ?’ ಅಂದರೆ, ಹೂವು ತುಂಬಿ ಅರಳುವ ದಿನ ಯಾವುದು?

ಈ ಪ್ರಶ್ನೆಯ ಮೇಲೆ ಅಂಕಣಕಾರನಿಗೆ ಹಳೆಯ ಸಿಟ್ಟಿದೆ.

ಪರ್ವತದ ಎತ್ತರ 4,392 ಮೀಟರ್. ಅದರ ನೆತ್ತಿ ಹಗ್ಗ, ಹಿಮಗೊಡಲಿ ಹಿಡಿದವರ ಪಾಲಿಗಿರಲಿ. ಹೂವಿನವರು ನಿಲ್ಲುವುದು 1,645 ಮೀಟರ್ ಎತ್ತರದ ಪ್ಯಾರಡೈಸ್ ಎಂಬಲ್ಲಿ. ಅಲ್ಲಿಂದ ಹೊರಟು ಅಲ್ಲಿಗೇ ಮರಳುವ ಸ್ಕೈಲೈನ್ ಹಾದಿ ಸುಮಾರು ಒಂಬತ್ತು ಕಿಲೋಮೀಟರ್. ಏರು ಐನೂರು ಮೀಟರಿನ ಆಸುಪಾಸು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಗೆ ಮೊದಲೇ ಇಳಿಯಬಹುದು. 1888ರಲ್ಲಿ ಈ ಪರ್ವತ ಹತ್ತಿದ ನಿಸರ್ಗ ಲೇಖಕ ಜಾನ್ ಮ್ಯೂರ್ ಇಲ್ಲಿನ ಹೂದೋಟವನ್ನು ಹೊಗಳಿ ಬರೆದ ಮಾತನ್ನು ಹಾದಿ ಶುರುವಾಗುವ ಕಲ್ಲುಮೆಟ್ಟಿಲುಗಳ ಮೇಲೆ ಕೆತ್ತಿದ್ದಾರೆ. ಹೆಚ್ಚಿನವರು ಅದರ ಮೇಲೆಯೇ ಕುಳಿತು ಫೋಟೊ ತೆಗೆಸಿಕೊಳ್ಳುವುದರಿಂದ ಓದುವುದು ಕಷ್ಟ.

ಇಷ್ಟೊಂದು ಹೂವು ಅಲ್ಲಿಗೇ ಏಕೆ? ಹಿಮದಿಂದ. ಪ್ಯಾರಡೈಸಿನಲ್ಲಿ ಸಾಧಾರಣ ವರ್ಷದಲ್ಲೂ ಹದಿನಾರು ಮೀಟರ್‌ನಷ್ಟು ಹಿಮ ಬೀಳುತ್ತದೆ. 1971–72ರ ಚಳಿಗಾಲದಲ್ಲಿ ಬಿದ್ದದ್ದು 28 ಮೀಟರಿಗೂ ಹೆಚ್ಚು. ಆಗ ಅದು ಜಗತ್ತಿನ ದಾಖಲೆ. ಈ ರಾಶಿ ಕರಗುವ ಹೊತ್ತಿಗೆ ಜುಲೈ ಬಂದಿರುತ್ತದೆ. ಅಷ್ಟು ಸಣ್ಣ ಬಿಡುವಿನಲ್ಲಿ ಮರಗಳು ಬೇರೂರುವುದು ಕಷ್ಟ, ಬಯಲು ಹೂಗಿಡಗಳಿಗೆ ಸಿಗುತ್ತದೆ. ಕೆಲವೇ ವಾರಗಳಲ್ಲಿ ಚಿಗುರಿ, ಅರಳಿ, ಬೀಜ ಕಟ್ಟಿ ಮುಗಿಸಬೇಕು. ಹಾಗಾಗಿ ಅಲ್ಲೊಂದು ಸರತಿ ಇದೆ.

ಮೊದಲ ಸರದಿ ಬಿಳಿಯ ಅವಲಾಂಚ್ ಲಿಲಿಯದು. ಅದಕ್ಕೆ ಹಿಮ ಪೂರ್ತಿ ಕರಗುವಷ್ಟೂ ತಾಳ್ಮೆಯಿಲ್ಲ, ಅಂಚಿನ ತೆಳು ಪದರವನ್ನು ತೂತು ಮಾಡಿಕೊಂಡೇ ಬರುತ್ತದೆ. ಅದರ ಬೆನ್ನಿಗೇ ಪಾಸ್ಕ್‌ಹೂವು. ಆಮೇಲೆ ನೀಲಿ ಲುಪಿನ್, ಕೆನ್ನೇರಳೆ ಪೇಂಟ್‌ಬ್ರಷ್, ಘಮಘಮಿಸುವ ವ್ಯಾಲೇರಿಯನ್, ತೊಳೆಯದ ಕಾಲುಚೀಲದ ವಾಸನೆಯ ಬಿಸ್ಟಾರ್ಟ್. ಕೊನೆಗೆ, ಅಂಗಡಿ ಮುಚ್ಚುವ ಹೊತ್ತಿಗೆ, ಕಡುನೀಲಿ ಜೆನ್ಷಿಯನ್. ಇದರಲ್ಲಿ ಪೇಂಟ್‌ಬ್ರಷ್ ಕಳ್ಳ. ಎಲೆ ಹಸಿರಾಗಿದ್ದರೂ ಅದಕ್ಕೆ ಸ್ವಂತ ಅಡುಗೆ ಸಾಲದು. ಬೇರನ್ನು ನೆರೆಯ ಗಿಡದ ಬೇರಿಗೆ ಚುಚ್ಚಿ ಹೀರುತ್ತದೆ. ಬಣ್ಣ ನೋಡಿ ಮರುಳಾಗುವವರು ಅದರ ಕಾಲಬುಡವನ್ನೂ ಒಮ್ಮೆ ನೆನೆಯಬೇಕು.

‘ಪೀಕ್’ ಎನ್ನುವುದು ಈ ಸರತಿಯ ನಡುವಿನ ಗದ್ದಲವಷ್ಟೇ. ತೇರೆಳೆಯುವ ಮುಹೂರ್ತಕ್ಕೆ ಸರಿಯಾಗಿ ಬಂದು, ಬಾಳೆಹಣ್ಣು ಎಸೆದು, ಬಸ್ಸು ಹಿಡಿಯುವ ಭಕ್ತರಿರುತ್ತಾರೆ. ಕೊಡಿ ಏರುವುದರಿಂದ ಓಕುಳಿಯವರೆಗೆ ಊರಿನಲ್ಲೇ ಉಳಿದವನಿಗೆ ಮಾತ್ರ ಜಾತ್ರೆ ಗೊತ್ತು. ರೇನಿಯರಿನಲ್ಲಂತೂ ಅಷ್ಟು ದಿನ ಉಳಿಯಬೇಕಾದ್ದೂ ಇಲ್ಲ. ಹಾದಿ ಏರಿದಂತೆ ಪಂಚಾಂಗ ಹಿಂದಕ್ಕೆ ಮಗುಚುತ್ತದೆ. ಕೆಳಗೆ ಪಾಸ್ಕ್‌ಹೂವು ಉದುರಿ, ಕೋಲಿನ ತುದಿಗೆ ಇಲಿ ಸಿಕ್ಕಿಸಿದಂಥ ಬೂದು ಜುಂಜು ನಿಂತಿರುತ್ತದೆ. ಸುಮಾರು 2,070 ಮೀಟರ್ ಎತ್ತರದ ಪನೋರಮಾ ಪಾಯಿಂಟ್ ಕಡೆಗೆ ನಡೆದರೆ ಹಿಮದ ತುಂಡಿನ ಪಕ್ಕದಲ್ಲಿ ಅದೇ ಹೂವು ಈಗಷ್ಟೇ ಕಣ್ಣು ಬಿಡುತ್ತಿರುತ್ತದೆ. ಆಗಸ್ಟಿನಿಂದ ಜುಲೈಗೆ ನಡೆದುಕೊಂಡು ಹೋದ ಹಾಗೆ. ಅಂಕಣಕಾರನ ಮಟ್ಟಿಗೆ ಆ ಜುಂಜು ಹೂವಿಗಿಂತ ಒಂದು ಕೈ ಮೇಲು.

ಪೀಕ್ ಪಂಥದವರ ಮೇಲಿನ ಇನ್ನೊಂದು ತಕರಾರು ಅವರ ಕಾಲಿನದು. ಊರಿಗೇ ಒಂದು ದಾರಿಯಾದರೆ ಇವರಿಗೇ ಒಂದು ದಾರಿ. ಒಳ್ಳೆಯ ಚಿತ್ರಕ್ಕೆಂದು ಹೂವಿನ ನಡುವೆ ಇಳಿಯುತ್ತಾರೆ, ಹಿಂದಿನಿಂದ ಬಂದವರು ಅದನ್ನೇ ಕಾಲುದಾರಿ ಮಾಡುತ್ತಾರೆ. ಬೇಸಿಗೆ ಅಷ್ಟು ಗಿಡ್ಡವಾಗಿರುವ ಕಡೆ ತುಳಿದ ನೆಲ ಮತ್ತೆ ಹಸಿರಾಗಲು ವರ್ಷಗಳೇ ಬೇಕು. ಇಲ್ಲಿನ ರಾಷ್ಟ್ರೀಯ ಉದ್ಯಾನದವರು ಸ್ಥಳೀಯ ಬೀಜದಿಂದ ಸಸಿ ಮಾಡಿ, ತಂದು ನೆಟ್ಟು, ಬರಿದಾದ ಜಾಗವನ್ನು ಮುಚ್ಚುತ್ತ ಬಂದಿದ್ದಾರೆ. ಹಾಗೆಂದು ಹಿಂದಿನವರು ಸಾಧುಗಳೇನಲ್ಲ: 1931ರಲ್ಲಿ ಇದೇ ಬಯಲಿನಲ್ಲಿ ಒಂಬತ್ತು ಕುಳಿಯ ಗಾಲ್ಫ್ ಮೈದಾನ ತೆರೆದಿದ್ದರು! ಹಿಮಕ್ಕೆ ಗಾಲ್ಫ್ ಹಿಡಿಸಲಿಲ್ಲ, ಅದು ಬೇಗ ಮುಚ್ಚಿತು.

ಸರತಿಯನ್ನು ಓದಬೇಕು ಎನ್ನುವುದು ಬರೀ ರಸಿಕರ ಹಟವೂ ಅಲ್ಲ. 2015ರಲ್ಲಿ ಹಿಮ ವಾಡಿಕೆಗಿಂತ ಸುಮಾರು ಎರಡು ತಿಂಗಳು ಮೊದಲೇ ಕರಗಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೂ ಹಿಂದಿನ ವರ್ಷಗಳಿಂದ ಯಾವ ಹೂವು ಎಂದು ಅರಳಿತೆಂದು ಬರೆದಿಟ್ಟುಕೊಂಡಿದ್ದರು. ತಾಳೆ ನೋಡಿದರೆ ಎಲ್ಲ ಗಿಡಗಳೂ ಒಂದೇ ಅಳತೆಯಲ್ಲಿ ಮುಂದೆ ಸರಿದಿರಲಿಲ್ಲ. ಕೆಲವು ಓಡಿದ್ದವು, ಕೆಲವು ಅಷ್ಟು ಓಡಿರಲಿಲ್ಲ. ಒಟ್ಟಿಗೆ ಅರಳುತ್ತಿದ್ದವು ಬೇರಾದವು, ಎಂದೂ ಮುಖ ನೋಡದವು ಪಕ್ಕಪಕ್ಕ ನಿಂತವು. ಪೀಕಿನ ದಿನ ಒಂದು ಚಿತ್ರ ತೆಗೆದವನಿಗೆ ಇದು ಕಂಡಿರುವುದಿಲ್ಲ, ಆ ವರ್ಷವೂ ಬಯಲು ಬಣ್ಣಬಣ್ಣವಾಗಿಯೇ ಇತ್ತಲ್ಲ.

ಈ ಬಗೆಯ ನಡಿಗೆಗೆ ಕನ್ನಡದವರು ದೂರದ ಗುರುವನ್ನು ಹುಡುಕಬೇಕಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮನೆಯಲ್ಲೇ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಆ ಮೇಷ್ಟ್ರು ಶಿಖರಕ್ಕೆ ಅವಸರ ಮಾಡುವವರಲ್ಲ; ದಾರಿಬದಿಯ ಒಂದು ಗಿಡ ಸಿಕ್ಕರೆ ಅಲ್ಲೇ ನಿಂತು, ತಮಾಷೆಯ ನಡುವೆಯೇ ಅದರ ಜಾತಕ ಬಿಚ್ಚುತ್ತಾರೆ. ಆ ಪುಸ್ತಕ ಓದಿದವರು ಗಂಟೆಗೆ ಒಂದು ಕಿಲೋಮೀಟರಿಗಿಂತ ವೇಗವಾಗಿ ಗುಡ್ಡ ಹತ್ತಲಾರರು.

ಪೀಕ್ ಪಂಥ ನಮ್ಮಲ್ಲೂ ಇದೆ. 2022ರಲ್ಲಿ ಚಂದ್ರದ್ರೋಣದ ಸಾಲಿನಲ್ಲಿ ಗುರಿಗೆ ಹೂವು, ಅಂದರೆ ನೀಲಕುರಿಂಜಿ, ಅರಳಿದಾಗ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಕಾರುಗಳ ಸಾಲು ನಿಂತಿತ್ತು. ಹೂವು ಬಾಡಿದ ಮೇಲೆ ಬೀಜ ಕಟ್ಟಿ, ಇಡೀ ಗಿಡವೇ ಒಣಗಿ, ಅದೇ ಬುಡದಲ್ಲಿ ಹೊಸ ಸಸಿ ಏಳುವುದನ್ನು ನೋಡಲು ಎಷ್ಟು ಕಾರು ಬಂದಾವು?

ರೇನಿಯರಿಗೆ ಹೊರಟವರು ಆಗಸ್ಟಿನ ರಜೆ ಸಿಗದಿದ್ದರೆ ಕೊರಗಬೇಡಿ. ಸೆಪ್ಟೆಂಬರ್ ಕೊನೆಗೆ ಹಕಲ್‌ಬೆರಿಯ ಎಲೆ ಕೆಂಪಾಗುತ್ತದೆ. ಕಾರು ನಿಲ್ಲಿಸಲು ಜಾಗವೂ ಸಿಗುತ್ತದೆ.