ಗುಳಿಯಪ್ಪದ ಕಾವಲಿಯ ಕಪ್ಪು

ಅಷ್ಟಮಿಯ ಮರುದಿನ ನಮ್ಮ ಮನೆಯಲ್ಲಿ ಎಲ್ಲ ಪಾತ್ರೆ ತೊಳೆದಾದ ಮೇಲೂ ಉಳಿಯುವುದು ಗುಳಿಯಪ್ಪದ ಕಾವಲಿ. ಬೀಡಿನದ್ದು. ಏಳು ಗುಳಿ, ಎರಡು ಕಿವಿ, ಒಂದೇ ಕೈಯಲ್ಲಿ ಎತ್ತಿದರೆ ಮಣಿಕಟ್ಟು ಗೊಣಗುವಷ್ಟು ಭಾರ. ಬೆಲ್ಲ, ಬಾಳೆಹಣ್ಣು, ತುಪ್ಪ ಎಲ್ಲ ಸೀದು ಒಂದೊಂದು ಗುಳಿಯ ತಳದಲ್ಲೂ ಕಚ್ಚಿಕೊಂಡಿರುತ್ತದೆ. ಅದನ್ನು ತೊಳೆಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಮನೆಯವರು ಇದನ್ನು ತ್ಯಾಗ ಎಂದುಕೊಂಡಿದ್ದಾರೆ. ಎಂದುಕೊಳ್ಳಲಿ.

ಕಾವಲಿಯೂ ಕಪ್ಪು, ಸೀದದ್ದೂ ಕಪ್ಪು. ಆದರೆ ಕಪ್ಪಿನಲ್ಲೂ ಜಾತಿಯಿದೆ. ಪಳಗಿದ ಕಾವಲಿಯ ಕಪ್ಪು ಎಣ್ಣೆಯ ಕೊಡುಗೆ: ತೆಳ್ಳಗೆ ಸವರಿದ ಎಣ್ಣೆ ಕಾದು ಕಾದು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಕಬ್ಬಿಣದ ಒರಟು ಮೈಗೆ ಪೊರೆಯಾಗಿ ಹಿಡಿದದ್ದು. ಅದು ನೀರಿಗೆ ಕರಗದು, ಚೂರು ಸೋಪು ತಾಗಿದರೂ ಕದಲದು. ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಮಿನುಗುತ್ತದೆ. ಸೀದದ್ದರ ಮೇಲೆ ಬಿದ್ದ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಬೆರಳಿಗೆ ತರಿತರಿ, ಉಗುರಿಗೆ ಮಸಿ. ಇದನ್ನು ಕಿತ್ತು ಅದನ್ನು ಉಳಿಸಿಕೊಳ್ಳುವುದರಲ್ಲೇ ಈ ಕೆಲಸದ ರುಚಿಯೆಲ್ಲ.

ಮೊದಲು ನೀರು. ತಣ್ಣಗಿರುವ ಕಾವಲಿಯ ಗುಳಿಗಳಿಗೆ ನೀರು ತುಂಬಿ ಸಣ್ಣ ಉರಿಯಲ್ಲಿಡುತ್ತೇನೆ. ಕಾದ ಬೀಡಿಗೆ ತಣ್ಣೀರು ಹೊಯ್ದರೆ ಕೆಟ್ಟಿತು. ಬೀಡಿನಲ್ಲಿ ಇಂಗಾಲ ನೂರಕ್ಕೆ 2ರಿಂದ 4 ಪಾಲು ಇರುವುದರಿಂದ ಅದಕ್ಕೆ ಬಗ್ಗಿ ಗೊತ್ತಿಲ್ಲ, ಒಡೆದೇ ಗೊತ್ತು. ನನ್ನ ಮೊದಲ ದೋಸೆ ಕಾವಲಿ ಹೋದದ್ದು ಹಾಗೆಯೇ, ಟಣ್ ಎಂಬ ಒಂದೇ ಸದ್ದಿಗೆ.

ನೀರು ಕುದಿಯತೊಡಗಿದರೆ ಪಾಕವಾಗಿ ಅಂಟಿದ್ದ ಬೆಲ್ಲ ಮೊದಲು ಸೋಲುತ್ತದೆ. ತಳದಿಂದ ಡಿಕಾಕ್ಷನ್ನಿನಂಥ ಕಂದು ಎಳೆಗಳು ಸುರುಳಿಯಾಗಿ ಏಳುತ್ತವೆ. ನಿನ್ನೆಯ ಹಬ್ಬದ ಕಮರು ಸಿಹಿ ಇನ್ನೊಮ್ಮೆ ಅಡುಗೆಮನೆ ತುಂಬುತ್ತದೆ. ಪೂರ್ತಿ ಇದ್ದಿಲಾದದ್ದು ಮಾತ್ರ ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಕಲ್ಲುಪ್ಪು. ನೀರು ಚೆಲ್ಲಿ, ಎರಡು ತೊಟ್ಟು ಎಣ್ಣೆ, ಚಿಟಿಕೆ ಕಲ್ಲುಪ್ಪು, ಒಂದು ಹಿಡಿ ತೆಂಗಿನ ನಾರು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಹರಳು ಹರಳಾಗಿಯೇ ನಿಂತು ಉಜ್ಜುತ್ತದೆ. ಗುಳಿಯ ದುಂಡಗಿನ ತಳಕ್ಕೆ ಹೆಬ್ಬೆರಳಿಗಿಂತ ಒಳ್ಳೆಯ ಹತಾರವನ್ನು ನಾನು ಕಂಡಿಲ್ಲ. ಮೊದಮೊದಲು ಕರಕರ ಎನ್ನುತ್ತದೆ. ತಿರುಗಿಸುತ್ತ ತಿರುಗಿಸುತ್ತ ಸದ್ದು ಸಣ್ಣದಾಗಿ, ಕೊನೆಗೆ ರೇಷ್ಮೆ ಸೀರೆಯ ನೆರಿಗೆಯಷ್ಟೇ ಸರಬರ. ಅಲ್ಲಿಗೆ ಕೈ ತೆಗೆಯಬೇಕು. ಹಟಕ್ಕೆ ಬಿದ್ದು ಸ್ಟೀಲ್ ಸ್ಕ್ರಬ್ಬರ್ ಹಾಕಿದಿರೋ, ಬೂದು ಬಣ್ಣದ ಬತ್ತಲೆ ಕಬ್ಬಿಣ ಹಲ್ಲು ಕಿರಿಯುತ್ತದೆ. ತಾಮ್ರದ ಚೆಂಬಿಗೆ ಹಾಕುವ ಹುಣಸೆಹಣ್ಣನ್ನು ಇಲ್ಲಿಗೆ ತರಲೇಬೇಡಿ. ಹುಳಿ ಆ ಪೊರೆಯನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ತೊಳೆದ ಕೂಡಲೇ ಮತ್ತೆ ಒಲೆಗೆ. ತೇವ ಆರುವುದನ್ನು ನಿಂತು ನೋಡುತ್ತೇನೆ: ಕಿವಿಗಳಲ್ಲಿ ಕೊನೆಯ ಹನಿ ಬುಸ್ ಎನ್ನುವವರೆಗೆ. ಐದು ನಿಮಿಷ ಉದಾಸೀನ ಮಾಡಿದರೆ ಕೆಂಪು ತುಕ್ಕು ತಲೆ ಹಾಕುತ್ತದೆ. ಆಮೇಲೆ ಎಣ್ಣೆ. ಕರಾವಳಿಯವಳಾಗಿ ಹೇಳಬಾರದು, ಆದರೆ ತೆಂಗಿನೆಣ್ಣೆ ಪೊರೆ ಕಟ್ಟುವುದರಲ್ಲಿ ಸೋಮಾರಿ; ಎಳ್ಳೆಣ್ಣೆಯೇ ವಾಸಿ. ಹಳೆಯ ಪಂಚೆಯ ಚೂರಿನಿಂದ ಸವರಿ, ತಪ್ಪಿ ಸವರಿದೆನೇನೋ ಎಂಬಂತೆ ಒರೆಸಿ ತೆಗೆದು, ಹೊಗೆಯಾಡುವವರೆಗೆ ಕಾಯಿಸಬೇಕು. ದಪ್ಪಗೆ ಉಳಿದರೆ ಅಂಟಂಟು.

ಮುಂದಿನ ಸಲ ಹಿಟ್ಟು ಹೊಯ್ದು, ಅಂಚು ಕೆಂಪಗಾದ ಮೇಲೆ ಕೊಡೆಕಡ್ಡಿ ತೂರಿಸಿದರೆ ಅಪ್ಪ ತಾನಾಗಿ ಮಗ್ಗುಲಾಗುತ್ತದೆ. ನಡುವಿನ ಗುಳಿಯೊಂದು ಮಾತ್ರ ಪ್ರತಿ ಸಲವೂ ತಕರಾರು ತೆಗೆಯುತ್ತದೆ. ಅದರ ಮೊದಲ ಅಪ್ಪ ಕಾಗೆಗೆ.