ಶಾರ್ಟ್ ಲೆಗ್‌ನ ಸೋಲ್ಕರ್
ಬಾಂದ್ರಾದ ಎಂಐಜಿ ಕ್ರಿಕೆಟ್ ಕ್ಲಬ್ಬಿನಂಥ ಮೈದಾನಗಳಲ್ಲಿ ಇಂದು ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರ, ಶಾರ್ಟ್ ಲೆಗ್‌ಗೆ ನಿಲ್ಲುವ ಹುಡುಗರಿಗೆ ಹೆಲ್ಮೆಟ್ ಇದೆ, ಇರಲೇಬೇಕು. ಮುಂಬೈಯವರೇ ಆದ ಏಕನಾಥ ಸೋಲ್ಕರ್ ಆ ಜಾಗದಲ್ಲಿ ಬರಿದಲೆಯಲ್ಲೇ ನಿಂತವರು. ಬೇಸ್‌ಬಾಲ್ ಇನ್‌ಫೀಲ್ಡರ್‌ಗೆ ಗ್ಲೌಸಾದರೂ ಇರುತ್ತದೆ, ಇವರದು ಬರಿಗೈ. ಹಿಂದೂ ಜಿಮ್ಖಾನಾದ ಮೈದಾನ ನೋಡಿಕೊಳ್ಳುತ್ತಿದ್ದವರ ಮಗ. 27 ಟೆಸ್ಟ್‌ಗಳಲ್ಲಿ 53 ಕ್ಯಾಚ್!

1971ರ ಓವಲ್ ಟೆಸ್ಟ್. ಸ್ಪಿನ್ನರ್ ವೆಂಕಟರಾಘವನ್ ಎಸೆತವನ್ನು ಇಂಗ್ಲೆಂಡಿನ ಅಲನ್ ನಾಟ್ ತಡೆದದ್ದೇ ತಡ, ಸೋಲ್ಕರ್ ಮುಂದಕ್ಕೆ ಹಾರಿ, ಉದ್ದಕ್ಕೆ ಬಿದ್ದು, ನೆಲ ಮುಟ್ಟುವ ಮುಂಚೆ ಚೆಂಡು ಹಿಡಿದರು. ನಮ್ಮ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತ ಇನಿಂಗ್ಸ್ ಅದು. ಅದರಲ್ಲಿ ಫ್ಲೆಚರ್ ಕ್ಯಾಚೂ ಸೋಲ್ಕರ್‌ದೇ. ಸ್ಪಿನ್ನರ್‌ಗಳ ವಿಕೆಟ್ ಲೆಕ್ಕ ಹೇಳುವಾಗ ಈ ಹೆಸರನ್ನೂ ಜೊತೆಗೇ ಹೇಳಬೇಕು ಅನ್ನುವವನು ನಾನು.